ಹಾಡೋ ಸಿಸ್ಟರ್ ಅವರ ಒಂದೇ ಒಂದು ರೆಕಾರ್ಡು

ಜೂನ್ 4

ಮೇಡಂ,

ಹಾಗಂತ ನಾನು ಕೊಡುವುದಿಲ್ಲ ಅನ್ನಲಿಲ್ಲ. ಹೇಗೆ ಕಳಿಸುವುದು ಅಂತ ಯೋಚಿಸುತ್ತಿದ್ದೆ, ಅಷ್ಟರಲ್ಲಿ ನೀವು ಫೋನ್ ಇಟ್ಟುಬಿಟ್ಟಿರಿ. ಫೋನಿನಲ್ಲಿ ನನಗೆ ಯಾವಾಗಲೂ ಹೀಗೇ. ಮಾತು ನಾಲಿಗೆಗೆ ಬರುವ ಹೊತ್ತಿಗೆ ಆ ಕಡೆಯವರು ಸರಿ ಸರಿ ಅಂದು ಮುಗಿಸಿರುತ್ತಾರೆ. ಇನ್ನು ಮುಂದೆ ಬರೆಯುತ್ತೇನೆ. ನೀವೂ ಬರೆಯಿರಿ.

ವಿತ್ ರೆಫರೆನ್ಸ್ ಟು ನಿನ್ನೆಯ ಮಾತು, ನನಗೆ ಅರ್ಥವಾದದ್ದು ಇಷ್ಟು. ನಿಮ್ಮದು ಹಳೆಯ ರೆಕಾರ್ಡುಗಳನ್ನು ಹುಡುಕಿ ಮತ್ತೆ ಅಚ್ಚು ಹಾಕುವ ಕಂಪನಿ. ನನ್ನ ಹೆಂಡತಿ ಹಾಡಿದ ಒಂದೇ ಒಂದು ರೆಕಾರ್ಡನ್ನೂ ಹಾಕಬೇಕು ಅಂತಿದ್ದೀರಿ. ಅದರ ಮೂಲ ಟೇಪು ಎಲ್ಲೋ ಕಳೆದುಹೋಗಿದೆ, ನಿಮಗೆ ಸಿಕ್ಕ ಪ್ರತಿಗಳೆಲ್ಲ ಗೀಚಿಹೋಗಿವೆ. ಆದ್ದರಿಂದ ನನ್ನದು ಬೇಕು. ಸರಿಯೇ? ತಪ್ಪಿದ್ದರೆ ತಿದ್ದಿ.

ನನ್ನದು ಚೆನ್ನಾಗಿದೆ. ಅವಳು ಹೋಗಿ ಆರು ವರ್ಷವಾಯಿತು, ಪ್ರತಿ ಸಂಜೆ ಒಂದು ಬದಿ ಹಾಕುತ್ತೇನೆ, ಆದರೂ ಗೀರಿಲ್ಲ. ಅವಳು ಮಕ್ಕಳ ವಾರ್ಡಿನ ನರ್ಸ್. ಔಷಧಿ ಕುಡಿಸುವಾಗ ಹಾಡುತ್ತಿದ್ದಳು ಅಂತ ಆಸ್ಪತ್ರೆಯಲ್ಲೆಲ್ಲ ಹಾಡೋ ಸಿಸ್ಟರ್ ಅಂತಲೇ ಹೆಸರು. ರೆಕಾರ್ಡ್ ಮಾಡುವಾಗ ಸ್ಟುಡಿಯೋದವರ ಹಾರ್ಮೋನಿಯಂ ಕೈಗೆ ಒಗ್ಗಲಿಲ್ಲ ಅಂತ ನಮ್ಮದನ್ನೇ ಹೊರಿಸಿಕೊಂಡು ಹೋದಳು. ನಮ್ಮದರಲ್ಲಿ ಒಂದು ಬಿಳಿ ಕೀ ಒತ್ತಿದರೆ ಸ್ವರಕ್ಕೆ ಮುಂಚೆ ಒಂದು ಕೆಮ್ಮು ಬರುತ್ತದೆ. ಎರಡನೇ ಬದಿಯ ಮೂರನೇ ಹಾಡು ಶುರುವಾಗುವುದೇ ಆ ಕೆಮ್ಮಿನಿಂದ. ಅದು ದೋಷ ಅಂತ ಅಳಿಸಬೇಡಿ.

ರೆಕಾರ್ಡು ಬಂದ ದಿನ ಮನೆಯಲ್ಲಿ ಮೊದಲ ಸಲ ಹಾಕಿದಾಗ ಅವಳು ಕೇಳಿ ನಕ್ಕಳು. "ಇದು ನಾನಲ್ಲ ಕಣ್ರೀ" ಅಂದಳು. ನಾಚಿಕೆ ಸ್ವಭಾವದವಳು.

ನನಗೆ ಸಂಗೀತ ತಿಳಿಯದು. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡಿದವನು. ಬೇರೆ ಹಾಡುಗಾರರ ರೆಕಾರ್ಡುಗಳನ್ನೂ ಆಗ ತಂದು ಹಾಕಿ ನೋಡಿದ್ದೆ. ಎಲ್ಲರೂ ನಿದ್ದೆಗಣ್ಣಿನಲ್ಲಿ ಹಾಡಿದ ಹಾಗಿತ್ತು. ದೊಡ್ಡ ದೊಡ್ಡ ಹೆಸರಿನವರು, ಏನು ಪ್ರಯೋಜನ? ಅಂಗಡಿಯವನಿಗೆ ವಾಪಸು ಕೊಟ್ಟು ಬಂದೆ. ಎಚ್ಚರವಾಗಿ ಹಾಡಿದವಳು ನಮ್ಮಾಕೆ ಒಬ್ಬಳೇ. ಇದು ಗಂಡನ ಮಾತಲ್ಲ, ಇನ್ ಮೈ ಹಂಬಲ್ ಒಪೀನಿಯನ್.

ರೆಕಾರ್ಡನ್ನು ಎರಡು ಪ್ಲೈವುಡ್ ತುಂಡುಗಳ ನಡುವೆ ಇಟ್ಟು, ಅವಳ ಏಪ್ರನ್ನಿನಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ಏಪ್ರನ್ನೂ ವಾಪಸು ಬರಬೇಕು. ನನ್ನ ಷರತ್ತು ಒಂದೇ. ಅವಳ ದನಿ ಹೇಗಿದೆಯೋ ಹಾಗೇ ಇರಬೇಕು. ಪೌಡರ್ ಬಳಿಯಬೇಡಿ.

ಯುವರ್ಸ್ ಒಬೀಡಿಯಂಟ್ಲಿ,
ಹಾಡೋ ಸಿಸ್ಟರ್ ಅವರ ಯಜಮಾನ

•

ಜೂನ್ 17

ಹಿರಿಯರಿಗೆ ನಮಸ್ಕಾರ.

ರೆಕಾರ್ಡು ಸುರಕ್ಷಿತವಾಗಿ ಬಂತು. ಏಪ್ರನ್ ಮಡಚಿ ನನ್ನ ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ರೆಕಾರ್ಡನ್ನು ತೊಳೆದು, ಒಣಗಿಸಿ, ನಮ್ಮ ಯಂತ್ರದಲ್ಲಿ ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡೆ. ಇಷ್ಟು ಶುಭ್ರವಾದ ಪ್ರತಿ ನಮ್ಮ ಕೈಗೆ ಬಂದದ್ದೇ ಅಪರೂಪ. ಕೆಮ್ಮನ್ನು ಮುಟ್ಟಿಲ್ಲ. ಇದರ ಜೊತೆ ಒಂದು ಸಿ.ಡಿ. ಇಟ್ಟಿದ್ದೇನೆ, ಕೇಳಿ ಒಪ್ಪಿಗೆ ತಿಳಿಸಿ.

ಕವರಿನ ಮೇಲೆ ಅವರ ಬಗ್ಗೆ ನಾಲ್ಕು ಸಾಲು ಬರೆಯಬೇಕು. ಹಾಡಿದಾಗ ಅವರಿಗೆ ಎಷ್ಟು ವಯಸ್ಸು? ನಮ್ಮಲ್ಲಿ ಕೇಳಿದವರೆಲ್ಲ ಇಪ್ಪತ್ತು ದಾಟಿರಲಾರದು ಅಂದರು. ಅಂಥ ಹುಡುಗಿ ದನಿ.

ಇಂತು,
ಸೌಂಡ್ ಎಂಜಿನಿಯರ್

•

ಜೂನ್ 25

ಮೇಡಂ,

ಸಿ.ಡಿ. ಬಂತು. ಅದರಲ್ಲಿರುವುದು ನನ್ನ ಹೆಂಡತಿಯಲ್ಲ.

ನನ್ನ ಹತ್ತಿರ ಸಿ.ಡಿ. ಹಾಕುವ ಯಂತ್ರವಿಲ್ಲ. ಮಹಡಿಯ ಮೇಲೆ ಬಾಡಿಗೆಗೆ ಇರುವ ಡ್ರೈವರ್ ತನ್ನ ಕಾರಿನಲ್ಲಿ ಹಾಕಿದ. ನಾನು ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡೆ. ಹಾಡು ಅದೇ, ಮಾತು ಅದೇ, ಕೆಮ್ಮೂ ಇದೆ. ಆದರೆ ಹಾಡುತ್ತಿದ್ದವಳು ಯಾರೋ ಚುರುಕಿನ ಹುಡುಗಿ. ಬಸ್ಸು ತಪ್ಪೀತು ಅನ್ನುವವಳ ಹಾಗೆ ಹಾಡುತ್ತಿದ್ದಾಳೆ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ, "ಚೆನ್ನಾಗಿದೆ ಯಜಮಾನ್ರೇ, ಯಾರ ಮಗಳು ಇವರು?" ಅಂತ ಕೇಳಿದ. ಇಳಿದು ಒಳಗೆ ಬಂದೆ.

ಹಾಡಿದಾಗ ಅವಳಿಗೆ ಮೂವತ್ತೆಂಟು. ದನಿಯಲ್ಲಿ ಒಂದು ತೂಕವಿತ್ತು, ತುಂಬಿದ ಕೊಡ ಸೊಂಟದಲ್ಲಿಟ್ಟು ನಡೆಯುವವರ ಹಾಗೆ. ಅದು ಎಲ್ಲಿ ಹೋಯಿತು? ನಿಮ್ಮಲ್ಲಿ ಯಾರಾದರೂ ಇನ್ನೊಬ್ಬಳ ಕೈಲಿ ಹಾಡಿಸಿದಿರೋ? ಅಥವಾ ರೆಕಾರ್ಡು ಅದಲು ಬದಲಾಯಿತೋ? ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು ಡಾಪ್ಲರ್ ಎಫೆಕ್ಟ್ ಅಂತ ಒಂದು ಹೇಳಿದ್ದರು. ರೈಲು ಹತ್ತಿರ ಬರುವಾಗ ಸೀಟಿಯ ಸದ್ದು ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ಆದರೆ ಕಾರು ನಿಂತಿತ್ತು. ಅಲ್ಲಿಗೆ ಅದೂ ಅಲ್ಲ. ಆ ಪಾಠದ ಹೊತ್ತಿಗೆ ನಾನು ಕಾಲೇಜು ಬಿಡುವ ಯೋಚನೆಯಲ್ಲಿದ್ದೆ, ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ದಯವಿಟ್ಟು ನನ್ನ ಹೆಂಡತಿಯನ್ನು ವಾಪಸು ಕಳಿಸಿ. ರೆಕಾರ್ಡನ್ನು, ಅಂದರೆ.

ಯುವರ್ಸ್ ಟ್ರೂಲಿ,
ಅವಳ ಯಜಮಾನ

•

ಜುಲೈ 2

ಹಿರಿಯರೇ,

ನಿಮ್ಮ ಕಾಗದ ಓದಿ ನಾನೂ ಗಾಬರಿಯಾದೆ. ಯಾವುದೂ ಅದಲು ಬದಲಾಗಿಲ್ಲ. ಲೇಬಲ್ಲಿನ ಮೇಲೆ ನೀಲಿ ಇಂಕಿನಲ್ಲಿ ಅವರ ರುಜು ಇದೆ. ದನಿಗೆ ನಾವು ಏನೂ ಬಳಿದಿಲ್ಲ, ಧೂಳಿನ ಚಟಪಟ ಮಾತ್ರ ತೆಗೆದಿದ್ದೇವೆ. ಕಾರಿನ ಸ್ಪೀಕರುಗಳು ಗಟ್ಟಿ ದನಿಯನ್ನೂ ತೆಳ್ಳಗೆ ಮಾಡುತ್ತವೆ, ಅದೇ ಇರಬೇಕು.

ಒಂದು ಕೆಲಸ ಮಾಡುತ್ತೇನೆ. ಪೂರ್ತಿ ಅಚ್ಚಿಗೆ ಮೊದಲು ಪರೀಕ್ಷೆಗೆಂದು ಒಂದೆರಡು ಪ್ರತಿ ಒತ್ತುತ್ತೇವೆ. ಅದರಲ್ಲಿ ಒಂದನ್ನು ನಿಮಗೆ ಕಳಿಸುತ್ತೇನೆ. ನಿಮ್ಮದೇ ಪ್ಲೇಯರಿನಲ್ಲಿ ಹಾಕಿ ಕೇಳಿ. ಒಪ್ಪಿಗೆಯಾದರೆ ಆಗಸ್ಟ್ ಮಧ್ಯದಲ್ಲಿ ಅಚ್ಚು.

ಮೂವತ್ತೆಂಟು ಅಂತ ಓದಿದಾಗ ನಂಬಲಾಗಲಿಲ್ಲ.

ಇಂತು,
ಸೌಂಡ್ ಎಂಜಿನಿಯರ್

•

ಜುಲೈ 16

ತಾಯಿ,

ಕೋಪದಲ್ಲಿ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಈಗ ಸರಿ ಮಾಡಿದ್ದೀರಿ. ಎಕ್ಸಲೆಂಟ್. ಸೂಜಿ ಇಳಿಸಿದ್ದೇ ತಡ, ಅವಳು ಬಂದು ಕೂತ ಹಾಗಾಯಿತು. ಅದೇ ತೂಕ, ಅದೇ ನಿಧಾನ. ಡ್ರೈವರನನ್ನೂ ಕೂಗಿ ಕರೆದೆ. ಅವನು ಬಾಗಿಲಲ್ಲೇ ನಿಂತು ಕೇಳಿ, "ಇವರು ಆವತ್ತಿನ ಹುಡುಗಿಯ ತಾಯಿ ಇರಬೇಕು" ಅಂದ. ನನಗೆ ನಗು ಬಂತು. ಟೀ ಕುಡಿಸಿ ಕಳಿಸಿದೆ.

ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಹುಡುಗಿಯನ್ನು ಕಾರಿನಲ್ಲಿ ಕೇಳಿದ ಮೇಲೆ ಮೂರು ವಾರ ನನಗೆ ತಲೆ ಕೆಟ್ಟುಹೋಗಿತ್ತು. ರೆಕಾರ್ಡು ನಿಮ್ಮಲ್ಲಿತ್ತು. ಅವಳ ದನಿಯನ್ನು ಸುಮ್ಮನೆ ನೆನಪಿನಿಂದ ಕೇಳಿಸಿಕೊಳ್ಳೋಣ ಅಂತ ಕೂತರೆ ಬರಲೇ ಇಲ್ಲ. ಬಂದರೆ ಆ ಹುಡುಗಿಯೇ ಬರುವಳು. ಅಡಿಗೆಮನೆಯಲ್ಲಿ ಅವಳು ಹಾಡುತ್ತಿದ್ದುದು ಚೆನ್ನಾಗಿ ನೆನಪಿದೆ ಅಂದುಕೊಂಡಿದ್ದೆ. ನೆನಪಿರುವುದು ಅವಳಲ್ಲ, ಪ್ಲೇಯರು ಅಂತ ಈಗ ಗೊತ್ತಾಯಿತು. ಇರಲಿ. ಈಗ ಪ್ಲೇಯರಿನಲ್ಲಿ ಬಂದಳಲ್ಲ.

ಏನು ತಿದ್ದಿದಿರಿ ಅಂತ ತಿಳಿಸಿ, ಕುತೂಹಲಕ್ಕೆ. ಹೀಗೇ ಅಚ್ಚು ಹಾಕಿ. ಒಪ್ಪಿಗೆ.

ವಿತ್ ಥ್ಯಾಂಕ್ಸ್,
ನಿಮ್ಮ ಹಿರಿಯ

•

ಜುಲೈ 20

ಹಿರಿಯರೇ,

ಒಪ್ಪಿಗೆ ಸಿಕ್ಕಿದ್ದು ಖುಷಿ. ಆದರೆ ಸುಳ್ಳು ಹೇಳಿ ಹೊಗಳಿಸಿಕೊಳ್ಳಲಾರೆ. ನಾನು ಏನನ್ನೂ ತಿದ್ದಿಲ್ಲ. ಆ ಸಿ.ಡಿ.ಯಲ್ಲಿ ಇದ್ದದ್ದೇ ಈ ರೆಕಾರ್ಡಿನಲ್ಲೂ ಇದೆ, ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ನನಗೊಂದು ಅನುಮಾನ. ರೆಕಾರ್ಡಿನ ಅಂಚಿಗೆ ಒಂದು ಸಣ್ಣ ಕಾಗದದ ಚೂರು ಅಂಟಿಸಿ, ಗಡಿಯಾರ ಎದುರಿಗಿಟ್ಟುಕೊಂಡು, ಒಂದು ನಿಮಿಷಕ್ಕೆ ಅದು ಎಷ್ಟು ಸುತ್ತು ಬರುತ್ತದೆ ನೋಡುತ್ತೀರಾ? ಮೂವತ್ಮೂರಕ್ಕೆ ತುಸು ಹೆಚ್ಚು ಬರಬೇಕು. ಕಡಿಮೆ ಬಂದರೆ ನಿಮ್ಮ ಪ್ಲೇಯರು ನಿಧಾನ ಓಡುತ್ತಿದೆ ಅಂತ. ನಿಧಾನ ಓಡಿದರೆ ದನಿ ಇಳಿಯುತ್ತದೆ, ವಯಸ್ಸಾದಂತೆ ಕೇಳುತ್ತದೆ. ಹಳೆಯ ಯಂತ್ರಗಳಲ್ಲಿ ಇದು ಮಾಮೂಲು.

ಇಂತು,
ಸೌಂಡ್ ಎಂಜಿನಿಯರ್

•

ಜುಲೈ 24

ಮೂವತ್ತೊಂದೂವರೆಗೆ ಸ್ವಲ್ಪ ಕಡಿಮೆ. ನಾಲ್ಕು ಸಲ ಎಣಿಸಿದೆ.

ನಿಮ್ಮ ಮಾತು ಸರಿ. ನಿಮಗೆ ಹೇಗೆ ತೋಚುತ್ತದೋ ಹಾಗೆ ಅಚ್ಚು ಹಾಕಿ.

•

ಜುಲೈ 30

ಹಿರಿಯರೇ,

ಇಷ್ಟು ಪುಟ್ಟ ಕಾಗದ ನಿಮ್ಮಿಂದ ಬಂದದ್ದು ಇದೇ ಮೊದಲು. ಪ್ಲೇಯರು ಕೆಟ್ಟಿತು ಅಂತ ಬೇಸರ ಮಾಡಿಕೊಳ್ಳಬೇಡಿ. ಒಳಗಿನ ರಬ್ಬರ್ ಬೆಲ್ಟು ಸಡಿಲವಾಗಿರುತ್ತದೆ, ಅಷ್ಟೇ. ಹೊಸ ಬೆಲ್ಟು ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಕಡೆ ಯಾರಾದರೂ ರಿಪೇರಿಯವರ ಕೈಲಿ ಹಾಕಿಸಿ. ಆಮೇಲೆ ನೀವು ಅವರ ನಿಜವಾದ ದನಿ ಕೇಳಬಹುದು. ಇಷ್ಟು ವರ್ಷವಾದ ಮೇಲೆ ಮೊದಲ ಸಲ! ನನಗಂತೂ ಅದನ್ನು ನೆನೆದೇ ಸಂತೋಷವಾಗುತ್ತಿದೆ.

ಅಚ್ಚು ಹದಿನಾರನೇ ತಾರೀಕಿಗೆ ಗೊತ್ತಾಗಿದೆ. ಕವರಿಗೆ ಅವರ ಒಂದು ಫೋಟೋ ಬೇಕಿತ್ತು.

ಇಂತು,
ಸೌಂಡ್ ಎಂಜಿನಿಯರ್

•

ಆಗಸ್ಟ್ 9

ಮಗಳೇ,

ಅಚ್ಚು ನಿಲ್ಲಿಸು. ಮೊದಲು ಅದನ್ನು ಹೇಳಿ ಆಮೇಲೆ ಉಳಿದದ್ದು ಬರೆಯುತ್ತೇನೆ, ಇಲ್ಲದಿದ್ದರೆ ನನ್ನ ಕಾಗದ ಮುಗಿಯುವ ಹೊತ್ತಿಗೆ ನೀನು ಅಚ್ಚು ಹಾಕಿರುತ್ತೀಯ. ಏಕವಚನ ಬಂದುಬಿಟ್ಟಿತು, ಇರಲಿ ಬಿಡು.

ನೀನು ಸಂತೋಷ ಅಂತ ಬರೆದಿದ್ದೆಯಲ್ಲ, ಆ ಕಾಗದ ಓದಿ ನಾನು ಎರಡು ದಿನ ಪ್ಲೇಯರಿನ ಮೇಲೆ ಬಟ್ಟೆ ಹೊದಿಸಿಟ್ಟೆ. ನಿನ್ನ ಮೇಲೆ ಕೋಪವಲ್ಲ. ಪಂಪ್‌ಹೌಸಿನಲ್ಲಿ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಅಂತ ಹೇಳುತ್ತಿದ್ದವನು ನಾನು. ಮನೆಯ ಮೋಟಾರು ನಿಧಾನ ಓಡುತ್ತಿರುವುದು ಕಿವಿಗೆ ಬೀಳಲಿಲ್ಲ. ಆರು ವರ್ಷದಿಂದ ನಾನು ಸಂಜೆ ಕೂತು ಕೇಳಿದ್ದು ಅವಳನ್ನಲ್ಲ, ಒಂದು ಸಡಿಲ ಬೆಲ್ಟನ್ನು ಅನ್ನಿಸಿಬಿಟ್ಟಿತ್ತು.

ಮೂರನೆಯ ದಿನ ಡ್ರೈವರ್ ಬಂದು, ಹೀಗೆ ಕೂತರೆ ಆಗೋದಿಲ್ಲ ಅಂತ ಪ್ಲೇಯರನ್ನು ಎತ್ತಿ ಕಾರಿನಲ್ಲಿಟ್ಟು, ನನ್ನನ್ನೂ ಎತ್ತಿಟ್ಟ. ರೇಡಿಯೋ ರಿಪೇರಿಯವನ ಅಂಗಡಿಗೆ ಹೋದೆವು. ಅವನು ಮೇಲಿನ ತಟ್ಟೆ ಎತ್ತಿದ. ಒಳಗೆ ಇನ್ನೊಂದು ಚಿಕ್ಕ ಚಕ್ರ ಇದೆ, ಬೆಲ್ಟು ಅದರ ಸುತ್ತ ಓಡುತ್ತದೆ. ಅವನು ಅದನ್ನೇ ನೋಡುತ್ತಾ ನಿಂತುಬಿಟ್ಟ.

"ಸಾರ್, ಇದಕ್ಕೆ ಯಾರು ಬ್ಯಾಂಡೇಜ್ ಹಾಕಿದ್ದು?"

ನಾನು ಬಗ್ಗಿ ನೋಡಿದೆ. ಆಸ್ಪತ್ರೆಯಲ್ಲಿ ಗಾಯದ ಹತ್ತಿ ಜಾರದ ಹಾಗೆ ಅಂಟಿಸುತ್ತಾರಲ್ಲ, ಆ ಬಿಳಿ ಬಟ್ಟೆಯ ಪಟ್ಟಿ. ಚಕ್ರದ ಸುತ್ತ ಒಂದರ ಮೇಲೊಂದು ಹತ್ತು ಸುತ್ತಾದರೂ ಇರಬೇಕು. ಎಲ್ಲೂ ಒಂದು ಗೆರೆ ಆಚೀಚೆ ಇಲ್ಲ. ರಿಪೇರಿಯವನು ಹೇಳಿದ, ಇದರಿಂದಲೇ ಚಕ್ರ ದಪ್ಪವಾಗಿದೆ, ಅದಕ್ಕೇ ನಿಧಾನ, ಬೆಲ್ಟು ಗಟ್ಟಿಯಾಗಿಯೇ ಇದೆ ಅಂತ. "ಕಿತ್ತು ಬಿಸಾಕ್ಲಾ?" ಅಂತ ಕೈ ಹಾಕಿದ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ. ಎಷ್ಟು ಬಿಗಿಯಾಗಿ ಹಿಡಿದೆ ಅಂದರೆ ಆಮೇಲೆ ಅವನಿಗೆ ಸಾರಿ ಕೇಳಬೇಕಾಯಿತು.

ಯಾಕೆ ಹಿಡಿದೆ ಹೇಳುತ್ತೇನೆ. ಪಟ್ಟಿಯ ಕೊನೆಯ ತುದಿ ಒಳಕ್ಕೆ ಮಡಚಿತ್ತು. ನಮ್ಮಾಕೆ ಮಕ್ಕಳಿಗೆ ಪಟ್ಟಿ ಹಾಕಿದರೆ ತುದಿಯನ್ನು ಒಂದು ಉಗುರಿನಷ್ಟು ಒಳಕ್ಕೆ ಮಡಚುತ್ತಿದ್ದಳು. ಹಾಗೆ ಮಡಚಿದರೆ ಅಷ್ಟು ಭಾಗ ಅಂಟುವುದಿಲ್ಲ, ಬಿಡಿಸುವಾಗ ಹಿಡಿತ ಸಿಗುತ್ತದೆ, ಕೆರೆದು ಎಬ್ಬಿಸಿ ಮಗುವನ್ನು ಅಳಿಸಬೇಕಾಗಿಲ್ಲ. ನನಗೆ ಕೈ ಕುಯ್ದಾಗಲೂ ಹಾಗೇ ಹಾಕಿದ್ದಳು. ಈ ಪಟ್ಟಿ ಸುತ್ತಿದವಳು ಅವಳೇ.

ಈಗ ನನ್ನ ತಲೆ ಓಡಲು ಶುರುವಾಯಿತು, ಓಡಿ ಎಲ್ಲಿಗೂ ಮುಟ್ಟಲಿಲ್ಲ. ಅವಳು ತನ್ನ ದನಿಯನ್ನು ತಾನೇ ಯಾಕೆ ಇಳಿಸಿದಳು? ವಯಸ್ಸಾದವಳ ಹಾಗೆ ಕೇಳಬೇಕು ಅಂತ ಯಾವ ಹೆಂಗಸಿಗೆ ಆಸೆ ಇರುತ್ತದೆ? ನನ್ನನ್ನು ತಮಾಷೆ ಮಾಡಲಿಕ್ಕೋ? ಮೊದಲ ದಿನ "ಇದು ನಾನಲ್ಲ ಕಣ್ರೀ" ಅಂದದ್ದು ಆಗ ನೆನಪಾಯಿತು. ಆವತ್ತು ನಾನು ನಾಚಿಕೆ ಅಂದುಕೊಂಡೆ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳೋ ಏನೋ. ಮಗಳೇ, ಕಾರಿನಲ್ಲಿ ಕೂತು ನಾನೂ ಅದೇ ಮಾತು ಹೇಳಿದ್ದೆನಲ್ಲ.

ನನಗೆ ಸ್ವರ ತಿಳಿಯದು. ಕೆಮ್ಮು ತಿಳಿಯುತ್ತದೆ. ಪ್ಲೇಯರನ್ನು ಹಾಗೇ ಮನೆಗೆ ತಂದು, ನೀನು ಕಳಿಸಿದ ಪರೀಕ್ಷೆಯ ರೆಕಾರ್ಡು ಹಾಕಿ, ಹಾರ್ಮೋನಿಯಂ ಮುಂದೆ ಕೂತೆ. ಎರಡನೇ ಬದಿ, ಮೂರನೇ ಹಾಡು. ರೆಕಾರ್ಡಿನಲ್ಲಿ ಹಾರ್ಮೋನಿಯಂ ಕೆಮ್ಮಿ ಸ್ವರ ಹಿಡಿಯಿತು. ನಾನೂ ಆ ಕೀ ಒತ್ತಿದೆ. ನಮ್ಮದೂ ಕೆಮ್ಮಿತು. ಎರಡೂ ಒಂದರೊಳಗೊಂದು ಸೇರಿಹೋದವು, ಯಾವುದು ರೆಕಾರ್ಡು ಯಾವುದು ನಾನು ಅಂತ ಗೊತ್ತಾಗದ ಹಾಗೆ. ಆಮೇಲೆ ಡ್ರೈವರನ ಕೈಲಿ ಹಾರ್ಮೋನಿಯಂ ಹೊರಿಸಿಕೊಂಡು ಮತ್ತೆ ಅಂಗಡಿಗೆ ಹೋದೆ. ಅಲ್ಲಿ ಸರಿಯಾಗಿ ಓಡುವ ಪ್ಲೇಯರು ಒಂದಿದೆ. ಅದರಲ್ಲಿ ಅದೇ ರೆಕಾರ್ಡು ಹಾಕಿ ಅದೇ ಕೀ ಒತ್ತಿದೆ. ಎರಡು ಬೆಕ್ಕು ಜಗಳಕ್ಕೆ ನಿಂತ ಹಾಗಾಯಿತು. ರಿಪೇರಿಯವನು ಕಿವಿ ಮುಚ್ಚಿಕೊಂಡು, "ಸಾರ್, ಎರಡರಲ್ಲಿ ಒಂದು ಸುಳ್ಳು" ಅಂದ.

ಹಾರ್ಮೋನಿಯಂ ಒಂದೇ. ಅದೇ ಸ್ಟುಡಿಯೋಕ್ಕೆ ಹೋಗಿ ಬಂದದ್ದು. ಅದರೊಳಗೆ ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಗಳು ತಮ್ಮಷ್ಟಕ್ಕೆ ಒಂದು ಸ್ವರ ಕೆಳಗೆ ಇಳಿಯುತ್ತವೆಯೇ? ನೀನು ಓದಿದವಳು, ಹೇಳು.

ಹದಿನಾರಕ್ಕೆ ಮೊದಲು ಈ ಕಾಗದ ಮುಟ್ಟಲಿ ಅಂತ ಡ್ರೈವರ್ ತಾನೇ ಸ್ಪೀಡ್ ಪೋಸ್ಟಿಗೆ ಹಾಕುತ್ತಾನಂತೆ. ಆ ಹುಡುಗಿ ಊರೂರಿಗೆ ಹೋಗಿ ನನ್ನ ಹೆಂಡತಿಯ ಹೆಸರು ಹೇಳಿಕೊಂಡು ಹಾಡಬಾರದು. ಅಷ್ಟೇ ನನ್ನ ಬೇಡಿಕೆ.

ಹಿರಿಯ

•

ಆಗಸ್ಟ್ 14

ಹಿರಿಯರೇ,

ನಿಲ್ಲಿಸಿದ್ದೇನೆ.

ನಾನು ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಮೊದಲ ದಿನವೇ ಆ ಹಾರ್ಮೋನಿಯಂ ಸರಿಯಾದ ಸ್ವರದಲ್ಲಿ ಕೂರುತ್ತಿಲ್ಲ ಅಂತ ನನಗೆ ಅನ್ನಿಸಿತ್ತು. ಹಳೆಯ ವಾದ್ಯ, ಹಾಗೇ ಇದ್ದೀತು ಅಂತ ಸುಮ್ಮನಾದೆ. ನೀವು ಅಲ್ಲ ಅಲ್ಲ ಅಂದಾಗಲೂ, ವಯಸ್ಸಾದವರು, ದುಃಖದಲ್ಲಿದ್ದಾರೆ ಅಂದುಕೊಂಡೆ. ಬೆಲ್ಟು ಕಳಿಸಿದೆ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹಿತ್ತಾಳೆ ನಾಲಿಗೆಗಳು ಅಷ್ಟು ಇಳಿಯುವುದಿಲ್ಲ. ಆ ಕಾಲದಲ್ಲಿ ಟೇಪಿನಿಂದ ರೆಕಾರ್ಡಿನ ಮೇಲೆ ಹಾಡಿನ ಗೆರೆ ಕೊರೆಯುತ್ತಿದ್ದ ಒಬ್ಬ ಹಿರಿಯರನ್ನು ಹುಡುಕಿ ಕೇಳಿದೆ. ಅವರು ನಕ್ಕರು. ಹೆಂಗಸರ ದನಿ ಎಳೆಯದಾಗಿ ಕೇಳಲಿ ಅಂತ ಕೆಲವರು ಟೇಪನ್ನು ತುಸು ಜೋರಾಗಿ ಓಡಿಸಿ ರೆಕಾರ್ಡು ಕೊರೆಯುತ್ತಿದ್ದರಂತೆ. ಹಾಡಿದವರನ್ನು ಯಾರೂ ಕೇಳುತ್ತಿರಲಿಲ್ಲ. ಇಲ್ಲೂ ಹಾಗೇ ಆಯಿತೋ ಇಲ್ಲವೋ ಅವರಿಗೆ ನೆನಪಿಲ್ಲ. ಆದರೆ ನಿಮ್ಮ ಕೆಮ್ಮು ಸಾಕ್ಷಿ ಹೇಳುತ್ತಿದೆ, ಅವರು ಏರಿಸಿದ್ದನ್ನು ಆ ಪಟ್ಟಿ ಇಳಿಸುತ್ತಿತ್ತು ಅಂತ. ಆ ಲೆಕ್ಕಕ್ಕೇ ವೇಗ ಇಳಿಸಿ ಹೊಸದಾಗಿ ಸಿದ್ಧ ಮಾಡಿದೆ. ಇಲ್ಲಿ ಎಲ್ಲರೂ ಕೂತು ಕೇಳಿದರು. ಇಪ್ಪತ್ತು ಅಂದವರೇ ಇನ್ನೊಂದು ಸಲ ಹಾಕಿಸಿಕೊಂಡರು.

ಒಂದು ತೊಡಕಿದೆ, ಬರೆಯಲು ಮನಸ್ಸಾಗುತ್ತಿಲ್ಲ. ಸರಿ ಮಾಡಿದ ರೆಕಾರ್ಡನ್ನು ನಿಮ್ಮ ಪ್ಲೇಯರಿನಲ್ಲಿ ಹಾಕಿದರೆ ಅದು ಇನ್ನಷ್ಟು ಇಳಿಯುತ್ತದೆ. ಅದು ಸರಿಯಾಗಿ ಕೇಳಬೇಕಾದರೆ ಪಟ್ಟಿ ಬಿಚ್ಚಬೇಕು. ಬಿಚ್ಚುವುದು ಬೇಡ ಅಂದರೆ ನಿಮ್ಮ ಹಳೆಯ ರೆಕಾರ್ಡಿದೆ, ಅದು ಪಟ್ಟಿಯ ಜೊತೆ ಸರಿಯಾಗಿಯೇ ಹಾಡುತ್ತದೆ. ಎರಡನ್ನೂ ಏಪ್ರನ್ನಿನಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ಹೊಸದನ್ನು ನೀವು ಕೇಳಿ ಹೇಳಿದ ಮೇಲೆಯೇ ಅಚ್ಚು.

ನಿಮ್ಮ,
ಎಂಜಿನಿಯರ್ ಮಗಳು

•

ಆಗಸ್ಟ್ 27

ಮಗಳೇ,

ಅಂದರೆ ನೀನು ಹೇಳುವುದು, ಲೋಕಕ್ಕೆಲ್ಲ ಅವಳ ದನಿ ಸರಿಹೋದ ಮೇಲೆ ಈಗ ತಪ್ಪಾಗಿರುವುದು ನನ್ನ ಪ್ಲೇಯರು ಮಾತ್ರ. ಅರ್ಥವಾಯಿತು. ಅರ್ಥವಾಗಲು ವಾರ ಬೇಕಾಯಿತು, ಡ್ರೈವರನಿಗೆ ಎರಡು ಸಲ ವಿವರಿಸಿದೆ, ಮೂರನೆಯ ಸಲ ಅವನೇ ನನಗೆ ವಿವರಿಸಿದ.

ರೆಕಾರ್ಡುಗಳು ಬಂದಿವೆ. ಏಪ್ರನ್ ನೀನು ಒಗೆದು ಇಸ್ತ್ರಿ ಮಾಡಿಸಿದ್ದೀಯ. ಮಾಡಿಸಬಾರದಿತ್ತು, ಆದರೆ ನಿನಗೆ ಹೇಗೆ ಗೊತ್ತಾಗಬೇಕು. ಹೊಸದನ್ನು ರಿಪೇರಿಯವನ ಅಂಗಡಿಯಲ್ಲಿ ಹಾಕಿಸಿ, ನಮ್ಮ ಕೀ ಒತ್ತಿ ನೋಡಿದೆ. ಸೇರಿತು. ಅವಳೇ. ಅಚ್ಚು ಹಾಕು. ಫೋಟೋ ಇಟ್ಟಿದ್ದೇನೆ, ಡ್ಯೂಟಿ ಮುಗಿಸಿ ಬಂದಾಗ ತೆಗೆದದ್ದು, ಸುಸ್ತಾಗಿದ್ದಾಳೆ, ಅದನ್ನೇ ಹಾಕು. ವಯಸ್ಸು ಮೂವತ್ತೆಂಟು ಅಂತ ಬರೆ.

ರಿಪೇರಿಯವನು ತನ್ನ ಬೇರೆ ರೆಕಾರ್ಡುಗಳನ್ನೂ ಹಾಕಿ ಕೇಳಿಸಿದ. ಎಲ್ಲರೂ ಎಚ್ಚರವಾಗಿಯೇ ಹಾಡುತ್ತಿದ್ದರು. ದೊಡ್ಡ ದೊಡ್ಡವರನ್ನೆಲ್ಲ ಇಷ್ಟು ವರ್ಷ ಮಲಗಿಸಿಟ್ಟಿದ್ದು ನಮ್ಮ ಮನೆಯ ಬ್ಯಾಂಡೇಜ್. ಅಂಗಡಿಯವನಿಗೆ ವಾಪಸು ಕೊಟ್ಟು ಬೈದು ಬಂದದ್ದನ್ನು ನೆನೆದು ಒಬ್ಬನೇ ನಕ್ಕೆ. ಅವಳು ಪಕ್ಕದಲ್ಲೇ ನಿಂತಿದ್ದಳಲ್ಲ ಆವತ್ತು. ಒಂದು ಮಾತು ಆಡಲಿಲ್ಲ ಪುಣ್ಯಾತ್ಗಿತ್ತಿ.

ನನಗೆ ತಿಳಿಯದೇ ಇರುವುದು ಅದೇ. ಕಂಪನಿಯವರ ಜೊತೆ ಅವಳು ಜಗಳ ಆಡಲಿಲ್ಲ. ನನಗೂ ಹೇಳಲಿಲ್ಲ. ಮನೆಗೆ ಬಂದು ಪಟ್ಟಿ ಸುತ್ತಿದಳು. ಸುತ್ತುವುದು, ಹಾಕಿ ಕೇಳುವುದು, ಇನ್ನೊಂದು ಸುತ್ತು, ಮತ್ತೆ ಕೀ ಒತ್ತಿ ನೋಡುವುದು, ನಾನು ಪಂಪ್‌ಹೌಸಿನಲ್ಲಿದ್ದಾಗ ಮಾಡಿರಬೇಕು. ಯಾಕೆ? ತನಗೆ ತನ್ನ ದನಿ ಬೇಕು ಅಂತಲೋ, ನನಗೆ ಕೇಳಲಿ ಅಂತಲೋ? ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ? ನಿನ್ನ ಹಾಗೆಯೇ, ಇರಲಿ ಬಿಡೇ, ಎಳೆಯದಾಗಿ ಕೇಳಿದರೆ ಒಳ್ಳೆಯದಲ್ಲವಾ ಅನ್ನುತ್ತಿದ್ದೆನೋ ಏನೋ. ಅದಕ್ಕೇ ಹೇಳಲಿಲ್ಲವೋ? ಒಂದೊಂದು ಗಳಿಗೆ ಒಂದೊಂದು ಸರಿ ಅನ್ನಿಸುತ್ತದೆ.

ಪ್ಲೇಯರನ್ನು ಕಿಟಕಿಯ ಹತ್ತಿರ ಇಟ್ಟು, ಮೇಲಿನ ತಟ್ಟೆ ತೆಗೆದು, ಮಧ್ಯಾಹ್ನದಿಂದ ಈ ಚಕ್ರವನ್ನೇ ನೋಡುತ್ತಾ ನಿನಗೆ ಬರೆಯುತ್ತಿದ್ದೇನೆ. ಬಿಚ್ಚುವುದಿಲ್ಲ ಅಂತಲೇ ಶುರು ಮಾಡಿದೆ. ಹಳೆಯ ರೆಕಾರ್ಡಿದೆ, ಪಟ್ಟಿಯಿದೆ, ನಾನಿದ್ದೇನೆ, ಮೂವರೂ ಹೀಗೇ ಕಾಲ ಹಾಕೋಣ ಅಂತ. ಆದರೆ ಈ ಮಡಚಿದ ತುದಿ ಇದೆಯಲ್ಲ. ಬಿಚ್ಚಲೇಬಾರದು ಅಂತಿದ್ದರೆ ಅವಳು ಅದನ್ನು ಮಡಚುತ್ತಿರಲಿಲ್ಲ. ಎಂದಾದರೂ ಯಾರಾದರೂ ರೆಕಾರ್ಡನ್ನು ಸರಿ ಮಾಡಿಯಾರು ಅಂತ ಕಾದಿದ್ದಳೋ? ಅಥವಾ ಬರೀ ಕೈ ಅಭ್ಯಾಸವೋ, ಗಾಯಕ್ಕೂ ಚಕ್ರಕ್ಕೂ ಒಂದೇ ರೀತಿ ಹಾಕುವವಳೋ? ಕೇಳೋಣ ಅಂದರೆ ಉತ್ತರ ಕೊಡುವವರಿಲ್ಲ.

ಉಗುರಿನಿಂದ ಸುಮ್ಮನೆ ಮುಟ್ಟಿ ನೋಡಿದೆ. ಇಷ್ಟು ವರ್ಷವಾದರೂ ಆ ತುದಿ ಅಂಟಿಕೊಂಡಿಲ್ಲ. ಹಿಡಿದರೆ ಹಿಡಿತಕ್ಕೆ ಬರುತ್ತದೆ, ನೋವಾಗದ ಹಾಗೆ.

ಬೆಳಕು ಹೋಗುತ್ತಿದೆ. ಅಕ್ಷರ ಸಾಲು ಬಿಟ್ಟು ಹತ್ತುತ್ತಿರುವುದು ನಿನಗೇ ಕಾಣುತ್ತಿರಬೇಕು. ದೀಪ ಹಾಕಲು ಎದ್ದರೆ ಮತ್ತೆ ಯೋಚನೆಗೆ ಕೂತುಬಿಡುತ್ತೇನೆ. ತುದಿ ಇನ್ನೂ ಬೆಳ್ಳಗೆ ಕಾಣುತ್ತಿದೆ, ಇದಿಷ್ಟು ಬೆಳಕು ಸಾಕು. ಪೆನ್ನು ಕೆಳಗಿಡುತ್ತೇನೆ, ಎರಡೂ ಕೈ ಬೇಕು.